ಸುಮ್ಮನಿರು ಅಂತ ಹೇಳಿದ ಮನೆ

ಯುವ ಕುಟುಂಬಗಳ ಕೂಟದಲ್ಲಿ ಕೊಟ್ಟ ಪಾಠದ ಬರಹರೂಪ. ವಾಕ್ಯಭಾಗ: 2 ಸಮುವೇಲ 13:1-22

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಕಡೆಯಿಂದ ಬಂದಿದ್ದೀರಿ. ಹೊಸದಾಗಿ ಮದುವೆಯಾದವರು ಇದ್ದೀರಿ, ಮದುವೆಗೆ ಪ್ರಾರ್ಥನೆ ಮಾಡ್ತಾ ಇರೋರು ಇದ್ದೀರಿ, ಸಂಡೇ ಸ್ಕೂಲ್ ಟೀಚರ್‌ಗಳು ಇದ್ದೀರಿ. ಮಕ್ಕಳನ್ನು ಇವತ್ತು ಪಕ್ಕದ ಹಾಲ್‌ನಲ್ಲಿ ಕೂರಿಸಿದ್ದೇವೆ. ಅಲ್ಲಿ ಇಬ್ಬರು ಸಿಸ್ಟರ್‌ಗಳು ಇದ್ದಾರೆ, ಬಾಗಿಲು ಪೂರ್ತಿ ತೆಗೆದಿದೆ. ಯಾಕೆ ಇಬ್ಬರು, ಯಾಕೆ ಬಾಗಿಲು ತೆಗೆದಿದೆ ಅನ್ನೋದನ್ನ ಆಮೇಲೆ ಹೇಳ್ತೀನಿ.

ಬೈಬಲ್ ತೆಗೆಯಿರಿ. ಎರಡನೇ ಸಮುವೇಲ, ಹದಿಮೂರನೇ ಅಧ್ಯಾಯ. ದಾವೀದ ಗೊಲ್ಯಾತನ ಪ್ರಸಂಗ ನೀವು ಎಷ್ಟು ಸಲ ಕೇಳಿದ್ದೀರಿ? ಲೆಕ್ಕ ಇಲ್ಲ. ದಾವೀದನ ಮಗಳು ತಾಮಾರಳ ಬಗ್ಗೆ ಎಷ್ಟು ಸಲ ಕೇಳಿದ್ದೀರಿ? ನಾನು ಸೇವೆಗೆ ಬಂದ ಇಷ್ಟು ವರ್ಷದಲ್ಲಿ ಈ ಅಧ್ಯಾಯದ ಮೇಲೆ ಪೂರ್ತಿ ಒಂದು ಪ್ರಸಂಗ ಕೇಳಿದ ನೆನಪಿಲ್ಲ. ನಾನೂ ಮಾಡಿಲ್ಲ. ಓದೋವಾಗ ಬೇಗ ಬೇಗ ದಾಟಿಬಿಡ್ತೀವಿ. ಆದ್ರೆ ಪವಿತ್ರಾತ್ಮನು ಇದನ್ನ ಬರೆಸಿದ್ದಾನೆ. ದಾಟಿಹೋಗೋದಕ್ಕೆ ಬರೆಸಿಲ್ಲ.

ಕಥೆ ನಿಮಗೆ ಗೊತ್ತಿರಬಹುದು. ಅಮ್ನೋನ ದಾವೀದನ ಮೊದಲನೇ ಮಗ. ತಾಮಾರ ಅವನ ತಂಗಿ, ತಾಯಿ ಬೇರೆ, ತಂದೆ ಒಬ್ಬನೇ. ಅವನ ಮನಸ್ಸಿನಲ್ಲಿ ಕೆಟ್ಟದ್ದು ಹುಟ್ಟಿತು. ಯೋನಾದಾಬ ಅನ್ನೋ ಸಂಬಂಧಿಕ, ದಾವೀದನ ಅಣ್ಣನ ಮಗ, ಬಹಳ ಬುದ್ಧಿವಂತ, ಅವನಿಗೆ ಒಂದು ಉಪಾಯ ಹೇಳಿಕೊಟ್ಟ. ಕಾಯಿಲೆ ಅಂತ ಮಲಗು, ಅಪ್ಪ ನೋಡೋದಕ್ಕೆ ಬರ್ತಾನೆ, ತಂಗಿ ಬಂದು ಅಡುಗೆ ಮಾಡಿ ಬಡಿಸಲಿ ಅಂತ ಕೇಳು ಅಂದ. ಹಾಗೇ ಆಯ್ತು. ದಾವೀದನೇ ಮಗಳನ್ನ ಕಳಿಸಿದ. ಅವಳು ರೊಟ್ಟಿ ಮಾಡಿದಳು. ಅವನು ಎಲ್ಲರನ್ನೂ ಹೊರಗೆ ಕಳಿಸಿದ.

ಇಲ್ಲಿ ಸ್ವಲ್ಪ ನಿಲ್ಲೋಣ. ತಾಮಾರ ಚಿಕ್ಕ ಮಗು ಅಲ್ಲ, ಮದುವೆಯ ವಯಸ್ಸಿಗೆ ಬಂದ ಹುಡುಗಿ. ಆದ್ರೆ ಇವತ್ತಿನ ಮಕ್ಕಳಿಗೆ ಆಗೋದು ಇದೇ ದಾರಿಯಲ್ಲಿ ಆಗುತ್ತೆ. ಅಪರಿಚಿತ ಬಂದು ಎತ್ಕೊಂಡು ಹೋಗಲಿಲ್ಲ. ಕತ್ತಲೆ ರಸ್ತೆ ಅಲ್ಲ. ಮನೆ, ಊಟ, ಕಾಯಿಲೆ, ಅಣ್ಣ. ಮೊದಲು ಯೋಜನೆ. ಆಮೇಲೆ ಅಪ್ಪನ ನಂಬಿಕೆಯನ್ನೇ ಉಪಯೋಗಿಸಿಕೊಳ್ಳೋದು. ಆಮೇಲೆ ಒಂಟಿಯಾಗಿ ಮಾಡೋದು. ಈ ಮೂರು ಹೆಜ್ಜೆ ಎಷ್ಟೋ ಮಕ್ಕಳ ಹೇಳಿಕೆಗಳಲ್ಲಿ ಇವತ್ತೂ ಇದೆ. ಮೊದಲು ಮನೆಯವರ ವಿಶ್ವಾಸ ಗೆಲ್ಲೋದು, ಚಾಕೊಲೇಟು, ಮೊಬೈಲ್ ಗೇಮು, ಗಾಡಿಯಲ್ಲಿ ಒಂದು ರೌಂಡು. ಆಮೇಲೆ "ಇದು ನಮ್ಮಿಬ್ಬರ ಗುಟ್ಟು" ಅನ್ನೋದು. ಅಪರಾಧಿ ಮಗುವನ್ನ ಮೋಸ ಮಾಡೋದಕ್ಕೆ ಮುಂಚೆ ತಂದೆತಾಯಿಯನ್ನ ಮೋಸ ಮಾಡ್ತಾನೆ.

ದಾವೀದ ಮಗಳನ್ನ ಕಳಿಸಿದ್ದು ಪಾಪವಾ? ನಾನು ಹಾಗೆ ಹೇಳಲ್ಲ. ಅವನಿಗೆ ಗೊತ್ತಿರಲಿಲ್ಲ. ಇಲ್ಲಿ ಯಾರಾದ್ರೂ ತಾಯಿ, "ನಾನೇ ಕಳಿಸಿದೆ ಪಾಸ್ಟರ್, ನಾನೇ ಟ್ಯೂಷನ್‌ಗೆ ಸೇರಿಸಿದೆ" ಅಂತ ಒಳಗೇ ಸುಡ್ತಾ ಇದ್ರೆ, ಸಿಸ್ಟರ್, ಕೇಳಿ: ಮೋಸ ಹೋದವರು ಅಪರಾಧಿ ಅಲ್ಲ, ಮೋಸ ಮಾಡಿದವನು ಅಪರಾಧಿ. ದಾವೀದನ ತಪ್ಪು ಗೊತ್ತಾದ ಮೇಲೆ ಶುರುವಾಗುತ್ತೆ.

ಗೊತ್ತಾದ ಮೇಲೆ ಏನಾಯ್ತು? ತಾಮಾರ ತಲೆ ಮೇಲೆ ಬೂದಿ ಹಾಕೊಂಡು, ಅಂಗಿ ಹರಕೊಂಡು, ಗಟ್ಟಿಯಾಗಿ ಅಳುತ್ತಾ ಹೋದಳು. ಅವಳು ಮುಚ್ಚಿಡಲಿಲ್ಲ. ಮುಚ್ಚಿಟ್ಟವರು ಉಳಿದವರು. ಸ್ವಂತ ಅಣ್ಣ ಅಬ್ಷಾಲೋಮ, ಅವಳನ್ನ ನಿಜವಾಗಿ ಪ್ರೀತಿಸ್ತಿದ್ದವನು, ಸದ್ಯಕ್ಕೆ ಸುಮ್ಮನಿರಮ್ಮ, ಒಡಹುಟ್ಟಿದವನಲ್ವಾ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅನ್ನೋ ಥರ ಮಾತಾಡಿದ. ದಾವೀದನಿಗೆ ಸುದ್ದಿ ಮುಟ್ಟಿತು, ಬಹಳ ಕೋಪ ಬಂತು. ಅಷ್ಟೇ. ಕೋಪದ ನಂತರ ಏನು ಮಾಡಿದ ಅಂತ ಹುಡುಕಿ, ಸಿಗಲ್ಲ. ಮಗಳ ಹತ್ತಿರ ಹೋಗಿ ಕೂತ ಅಂತ ಇಲ್ಲ, ಮಗನನ್ನ ವಿಚಾರಿಸಿದ ಅಂತ ಇಲ್ಲ. ಎರಡು ವರ್ಷ ಅರಮನೆ ಸುಮ್ಮನಿತ್ತು. ಆಮೇಲೆ ಕುರಿ ಉಣ್ಣೆ ಕತ್ತರಿಸುವ ಹಬ್ಬದಲ್ಲಿ ಅಬ್ಷಾಲೋಮ ಅಮ್ನೋನನನ್ನ ಕೊಲ್ಲಿಸಿದ. ಅಲ್ಲಿಂದ ಆ ಮನೆ ಚೇತರಿಸಿಕೊಳ್ಳಲೇ ಇಲ್ಲ. ಮನೆಯ ಮರ್ಯಾದೆ ಉಳಿಸೋದಕ್ಕೆ ಸುಮ್ಮನಿದ್ದರು, ಮನೆಯೇ ಉಳಿಯಲಿಲ್ಲ. ಮುಂದಿನ ಅಧ್ಯಾಯದಲ್ಲಿ ಒಂದು ಸಣ್ಣ ವಿಷಯ ಇದೆ, ನನಗೆ ಬಹಳ ನೋವಾಗುತ್ತೆ. ಅಬ್ಷಾಲೋಮನಿಗೆ ಒಬ್ಬ ಮಗಳು ಹುಟ್ಟಿದಳು, ಅವಳಿಗೂ ತಾಮಾರ ಅಂತಲೇ ಹೆಸರಿಟ್ಟ. ತಂಗಿಯನ್ನ ಅವನು ಮರೆತಿರಲಿಲ್ಲ. ಆದ್ರೆ ಅವಳಿಗೆ ನ್ಯಾಯ ಬೇಕಾಗಿದ್ದಾಗ ಮೌನ ಕೊಟ್ಟ.

ನಮ್ಮ ಊರುಗಳ ಮಾತು

"ಇದೆಲ್ಲ ಬೆಂಗಳೂರಲ್ಲಿ, ದೊಡ್ಡ ಸ್ಕೂಲ್‌ಗಳಲ್ಲಿ" ಅಂತ ಹೇಳ್ತಾರೆ. 2014ರ ಜುಲೈನಲ್ಲಿ ಬೆಂಗಳೂರಿನ ಒಂದು ಶಾಲೆಯಲ್ಲಿ ಆರು ವರ್ಷದ ಮಗುವಿಗೆ ಆದದ್ದಕ್ಕೆ ಸಾವಿರಾರು ತಂದೆತಾಯಂದಿರು ಬೀದಿಗೆ ಬಂದ್ರು, ನೆನಪಿರಬಹುದು. ಅದು ಬೆಂಗಳೂರು ಸರಿ. ಆದ್ರೆ 2024ರ ಜನವರಿಯಲ್ಲಿ ನಮ್ಮದೇ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಸರ್ಕಾರಿ ಹಾಸ್ಟೆಲ್‌ಗೆ ಸೇರಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ ಹೊಟ್ಟೆನೋವು ಅಂತ ಆಸ್ಪತ್ರೆಗೆ ಹೋಗಿ ಮಗು ಹೆತ್ತಳು. ಪೋಕ್ಸೊ ಕೇಸ್ ಆಯ್ತು, ವಾರ್ಡನ್ ಸಸ್ಪೆಂಡ್ ಆದ್ರು, ಪೇಪರ್‌ನಲ್ಲಿ ಎಲ್ಲರೂ ಓದಿದ್ವಿ. ನನ್ನ ಮನಸ್ಸಿನಲ್ಲಿ ಉಳಿದಿದ್ದು ಒಂದೇ ಪ್ರಶ್ನೆ. ಅಷ್ಟು ತಿಂಗಳು ಮನೆ ಇತ್ತು, ಶಾಲೆ ಇತ್ತು, ಹಾಸ್ಟೆಲ್ ಇತ್ತು. ಆ ಮಗು ಧೈರ್ಯವಾಗಿ ಹೋಗಿ ಹೇಳಬಹುದಾದ ಒಬ್ಬ ದೊಡ್ಡವರು ಈ ಮೂರರಲ್ಲಿ ಎಲ್ಲೂ ಇರಲಿಲ್ವಾ? ಆ ಮಗುವಿನ ಊರು ಹೆಸರು ಯಾರೂ ಹೇಳಬೇಡಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಡಿ. ಮಗುವಿನ ಗುರುತು ಬಯಲು ಮಾಡೋದೇ ಕಾನೂನಿನಲ್ಲಿ ಅಪರಾಧ. ಪ್ರಾರ್ಥನಾ ವಿಜ್ಞಾಪನೆ ಅಂತ ಗ್ರೂಪ್‌ನಲ್ಲಿ ಹಾಕಿದ್ರೂ ಅಪರಾಧವೇ.

ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ 2007ರಲ್ಲಿ ಒಂದು ಅಧ್ಯಯನ ಹೊರತಂತು. 13 ರಾಜ್ಯಗಳಲ್ಲಿ 12,447 ಮಕ್ಕಳನ್ನ ಕೇಳಿದ್ರು. ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ, ಆದ್ರೆ ಪಕ್ಕದ ಆಂಧ್ರ ಇತ್ತು, ಕೇರಳ ಇತ್ತು, ಗೋವಾ ಇತ್ತು. ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಆಗಿದೆ ಅಂದ್ರು. ಅವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಗಂಡುಮಕ್ಕಳು! ಇದನ್ನ ಬರೆದುಕೊಳ್ಳಿ. "ನಮಗೆ ಗಂಡು ಮಗ, ಚಿಂತೆ ಇಲ್ಲ" ಅಂತ ಹೇಳೋ ಅಪ್ಪಂದಿರು ಇಲ್ಲೂ ಇದ್ದೀರಿ. ಗಂಡು ಮಗು ಹೇಳೋದು ಇನ್ನೂ ಕಷ್ಟ. ಹೇಳಿದ್ರೆ ನಗ್ತಾರೆ ಅಂತ ಅವನಿಗೆ ಗೊತ್ತು.

ಇನ್ನು, ಪೊಲೀಸ್ ದಾಖಲೆಗಳಲ್ಲಿ ಮಕ್ಕಳ ಮೇಲಿನ ಅತ್ಯಾಚಾರದ ಕೇಸುಗಳನ್ನ ನೋಡಿದ್ರೆ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಮೊದಲೇ ಪರಿಚಯ ಇರೋ ವ್ಯಕ್ತಿ. ಮನೆಯವರು, ನೆಂಟರು, ಪಕ್ಕದ ಮನೆಯವರು, ಪರಿಚಯದವರು. ಮಕ್ಕಳಿಗೆ "ಗೊತ್ತಿಲ್ಲದವರ ಹತ್ರ ಚಾಕೊಲೇಟ್ ತಗೋಬೇಡ" ಅಂತ ಮಾತ್ರ ಕಲಿಸಿದ್ರೆ ಸಣ್ಣ ಕಿಟಕಿ ಮುಚ್ಚಿ ಮುಂಬಾಗಿಲು ತೆಗೆದಿಟ್ಟ ಹಾಗೆ.

ನಮ್ಮ ಜೀವನ ನೋಡಿ. ಗೌರಿಬಿದನೂರಿಂದ ಬೆಳಿಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗೋರು ರಾತ್ರಿ ಬರ್ತೀರಿ. ಗಾರ್ಮೆಂಟ್ಸ್‌ಗೆ ಹೋಗೋ ಅಕ್ಕಂದಿರು ಬೆಳಕು ಹರಿಯೋ ಮುಂಚೆ ಬಸ್‌ಗೆ ನಿಂತಿರ್ತೀರಿ. ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಮಾಡೋ ಮನೆಗಳಲ್ಲಿ ಇಬ್ಬರೂ ಕೆಲಸದಲ್ಲಿ, ಮಕ್ಕಳು ಓಣಿಯಲ್ಲಿ. ಚಿಂತಾಮಣಿಯಲ್ಲಿ ಟೊಮೇಟೊ ಕಾಲದಲ್ಲಿ ಅಪ್ಪ ಅಮ್ಮ ಇಬ್ಬರೂ ಯಾರ್ಡ್‌ನಲ್ಲಿ. ಚಿಕ್ಕಬಳ್ಳಾಪುರದಿಂದ ಐಟಿ ಕೆಲಸಕ್ಕೆ ಹೈವೇಯಲ್ಲಿ ಓಡಾಡೋರು ಎಷ್ಟು ಜನ! ಮಕ್ಕಳು ಯಾರ ಹತ್ತಿರ? ಅಜ್ಜಿ, ಪಕ್ಕದ ಮನೆ, ಟ್ಯೂಷನ್, ವ್ಯಾನ್ ಡ್ರೈವರ್, ಊರಿಂದ ಓದೋದಕ್ಕೆ ಬಂದು ಮನೆಯಲ್ಲಿ ಇರೋ ನೆಂಟರ ಹುಡುಗ. ಬೇರೆ ದಾರಿ ಇಲ್ಲ, ನನಗೂ ಗೊತ್ತು. ಯಾರನ್ನೂ ನಂಬಬೇಡಿ ಅಂತ ನಾನು ಹೇಳೋದಿಲ್ಲ. ನಂಬಿ, ಆದ್ರೆ ನೋಡ್ತಾ ಇರಿ. ಹೇಳದೆ ಕೇಳದೆ ಒಂದಿನ ಬೇಗ ಬನ್ನಿ. ಮಗು ಯಾರ ಮನೆಗೆ ಹೋಗಲ್ಲ ಅಂತ ಹಠ ಮಾಡುತ್ತೋ, ಬೈಯೋದಕ್ಕೆ ಮುಂಚೆ ಯಾಕೆ ಅಂತ ಕೇಳಿ.

ಒಂದು ಮಾತು ಕೆಲವರಿಗೆ ಕೋಪ ತರಬಹುದು. ನಮ್ಮ ಕಡೆ ಸೋದರಮಾವ ಅಕ್ಕನ ಮಗಳನ್ನ ಮದುವೆಯಾಗೋ ಪದ್ಧತಿ ಇದೆ. ಹಾಗಾಗಿ ಮೂರು ವರ್ಷದ ಮಗುವನ್ನ ಮಾವನ ತೊಡೆ ಮೇಲೆ ಕೂರಿಸಿ "ಇವನೇ ನಿನ್ನ ಗಂಡ" ಅಂತ ತಮಾಷೆ ಮಾಡ್ತೀವಿ. ಎಲ್ಲರೂ ನಗ್ತಾರೆ. ಮಗು ಏನು ಕಲಿಯುತ್ತೆ? ಈ ಗಂಡಸಿಗೆ ನನ್ನ ಮೇಲೆ ಹಕ್ಕಿದೆ, ನಾನು ಬೇಡ ಅಂದ್ರೆ ಮನೆಯವರು ನಗ್ತಾರೆ. ಒಳ್ಳೇ ಮಾವಂದಿರು ಬಹಳ ಜನ ಇದ್ದಾರೆ, ನಾನೂ ಒಬ್ಬ ಮಾವನೇ. ಆದ್ರೆ ಈ ತಮಾಷೆ ವಿಶ್ವಾಸಿಗಳ ಮನೆಯಲ್ಲಿ ಬೇಡ.

ಮನೆಯಲ್ಲಿ ಏನು ಮಾತಾಡಬೇಕು

ಮೊದಲನೇದು ಹೆಸರು. ಕಣ್ಣು, ಮೂಗು, ಕಿವಿ ಎಲ್ಲಾ ಕಲಿಸ್ತೀವಿ. ಹೊಕ್ಕುಳ ಆದ ಮೇಲೆ ಮಾತು ನಿಂತು ಹೋಗುತ್ತೆ. ಅಲ್ಲಿಂದ ಕೆಳಗೆಲ್ಲಾ "ಶೇಮ್ ಶೇಮ್". ದೇವರು ಉಂಟುಮಾಡಿದ್ದನ್ನೆಲ್ಲಾ ನೋಡಿ ಬಹಳ ಒಳ್ಳೇದು ಅಂದನು, ನಾವು ನಾಚಿಕೆ ಅಂತ ಹೆಸರಿಟ್ಟಿದ್ದೀವಿ. ಶೇಮ್ ಅಂತ ಕಲಿತ ಮಗು ಅಲ್ಲಿ ಏನಾದ್ರೂ ಆದ್ರೆ ಬಂದು ಹೇಳುತ್ತಾ? ನಾಚಿಕೆ ತನ್ನದೇ ಅಂದುಕೊಳ್ಳುತ್ತೆ. ನಿಮ್ಮ ಮನೆಯಲ್ಲಿ ಕನ್ನಡ, ತೆಲುಗು, ತಮಿಳು ಏನು ಮಾತಾಡ್ತೀರೋ ಆ ಭಾಷೆಯಲ್ಲಿ ಮರ್ಯಾದೆಯ ಪದ ಕಲಿಸಿ, ಡಾಕ್ಟರ್‌ಗೂ ಟೀಚರ್‌ಗೂ ಅರ್ಥ ಆಗೋ ಪದ. ಸ್ನಾನ ಮಾಡಿಸೋವಾಗ ಸಹಜವಾಗಿ ಹೇಳಿ. ಎರಡು ಮೂರು ವರ್ಷದಿಂದಲೇ ಶುರು ಮಾಡಬಹುದು. ಒಳಉಡುಪು ಮುಚ್ಚೋ ಜಾಗ ನಿನ್ನದು, ತೊಳೆಯೋದಕ್ಕೆ ಅಮ್ಮ, ಕಾಯಿಲೆಗೆ ಡಾಕ್ಟರ್ ಅದೂ ಅಮ್ಮನ ಎದುರಿಗೆ, ಬೇರೆ ಯಾರೂ ನೋಡಬಾರದು, ಮುಟ್ಟಬಾರದು, ತಮ್ಮದನ್ನ ತೋರಿಸಬಾರದು, ಫೋಟೋ ತೆಗೀಬಾರದು. ಇಷ್ಟು ಸಾಕು, ದೊಡ್ಡ ಪ್ರಸಂಗ ಬೇಡ.

ಶಾಲೆಗಳಲ್ಲಿ "ಒಳ್ಳೇ ಸ್ಪರ್ಶ, ಕೆಟ್ಟ ಸ್ಪರ್ಶ" ಅಂತ ಹೇಳಿಕೊಡ್ತಾರೆ. ಒಳ್ಳೇ ಕೆಲಸ. ಆದ್ರೆ ನಾನು "ಸುರಕ್ಷಿತ, ಅಸುರಕ್ಷಿತ" ಅಂತ ಹೇಳೋದನ್ನ ಇಷ್ಟಪಡ್ತೀನಿ. ಯಾಕಂದ್ರೆ ಕೆಲವು ಸಲ ಮಗುವಿಗೆ ಅದು ನೋವು ಅನ್ನಿಸೋದಿಲ್ಲ, ಪ್ರೀತಿ ಅನ್ನಿಸುತ್ತೆ, ಕಚಗುಳಿ ಅನ್ನಿಸುತ್ತೆ. ಆಮೇಲೆ "ಕೆಟ್ಟದ್ದು" ಅಂತ ಗೊತ್ತಾದಾಗ ನಾನೇ ಕೆಟ್ಟ ಮಗು ಅಂದುಕೊಳ್ಳುತ್ತೆ. ಮುಟ್ಟಿದವರದ್ದು ತಪ್ಪು, ನಿನ್ನದು ಯಾವತ್ತೂ ಅಲ್ಲ, ಎಷ್ಟು ದಿನ ಆದ ಮೇಲೆ ಹೇಳಿದ್ರೂ ಅಮ್ಮ ಬೈಯೋದಿಲ್ಲ ಅಂತ ಹೇಳಿ. ಮತ್ತೆ ಮತ್ತೆ ಹೇಳಿ.

ಬಲವಂತದ ಮುತ್ತು ನಿಲ್ಲಿಸಿ. "ಅಂಕಲ್‌ಗೆ ಮುತ್ತು ಕೊಡು, ಆಂಟಿ ತೊಡೆ ಮೇಲೆ ಕೂತ್ಕೋ" ಅಂತ ನಾವೇ ತಳ್ತೀವಿ. ಮಗು ಬೇಡ ಅಂದ್ರೆ ಅವಮಾನ ಅಂತ ಬೈತೀವಿ. ಕೈ ಜೋಡಿಸಿ ವಂದನೆ ಹೇಳಲಿ, ಸಾಕು. ಸಭೆಯಲ್ಲೂ ಅಷ್ಟೇ. ಮಗುವಿನ ಬೇಡ ಅನ್ನೋ ಮಾತಿಗೆ ಮನೆಯಲ್ಲಿ ಬೆಲೆ ಇದ್ರೆ ಹೊರಗೆ ಅದು ಆ ಮಾತನ್ನ ಆಡೋದಕ್ಕೆ ಹೆದರೋದಿಲ್ಲ. "ತಂದೆತಾಯಿಗೆ ವಿಧೇಯರಾಗಿರಿ ಅಂತ ವಾಕ್ಯ ಇದೆಯಲ್ಲ" ಅಂತ ಒಬ್ಬ ಬ್ರದರ್ ಕೇಳಿದ್ರು. ಎಫೆಸ 6ನೇ ಅಧ್ಯಾಯ ಆ ವಿಧೇಯತೆಯನ್ನ ಕರ್ತನಲ್ಲಿ ಅಂತ ಹೇಳುತ್ತೆ. ಪಾಪಕ್ಕೆ ವಿಧೇಯತೆ ಅಲ್ಲಿ ಇಲ್ಲ. ದೊಡ್ಡವರು ಏನು ಹೇಳಿದ್ರೂ ಕೇಳು ಅಂತ ಬೈಬಲ್ ಎಲ್ಲೂ ಮಕ್ಕಳಿಗೆ ಹೇಳಿಲ್ಲ.

ಗುಟ್ಟಿನ ವಿಷಯ. ಬರ್ತ್‌ಡೇ ಗಿಫ್ಟ್ ಮುಚ್ಚಿಡೋದು ಬೇರೆ, ಅದು ಆ ದಿನ ಎಲ್ಲರಿಗೂ ಗೊತ್ತಾಗುತ್ತೆ. ಅಮ್ಮನಿಗೆ ಯಾವತ್ತೂ ಹೇಳಬಾರದು ಅಂತ ಯಾರಾದ್ರೂ ಹೇಳಿದ್ರೆ, ಅದನ್ನೇ ಮೊದಲು ಬಂದು ಅಮ್ಮನಿಗೆ ಹೇಳಬೇಕು. ಇದನ್ನ ಆಟದ ಥರ ಕಲಿಸಿ. ಮೊಬೈಲ್‌ಗೂ ಇದೇ ನಿಯಮ. ಗೇಮ್‌ನಲ್ಲಿ ಪರಿಚಯವಾದ "ಫ್ರೆಂಡ್" ಫೋಟೋ ಕಳಿಸು ಅಂದ್ರೆ, ಮಗು ಫೋನ್ ತಂದು ನಿಮ್ಮ ಕೈಗೆ ಕೊಡೋ ಹಾಗಿರಬೇಕು. ಫೋನ್ ಕಿತ್ಕೊಳ್ತೀನಿ ಅಂತ ಹೆದರಿಸಿದ್ರೆ ಅದು ಯಾವತ್ತೂ ತರೋದಿಲ್ಲ.

ನನ್ನ ತಪ್ಪು

ಈಗ ನನ್ನ ಒಂದು ತಪ್ಪು ಹೇಳಬೇಕು. ಬಹಳ ವರ್ಷದ ಹಿಂದೆ, ಊರು ಹೇಳೋದಿಲ್ಲ, ಒಬ್ಬ ತಾಯಿ ಮಗನನ್ನ ಪ್ರಾರ್ಥನೆಗೆ ಕರ್ಕೊಂಡು ಬಂದ್ರು. ಎಂಟೊಂಬತ್ತು ವರ್ಷದ ಹುಡುಗ. ರಾತ್ರಿ ಕಿರುಚ್ತಾನೆ, ಹಾಸಿಗೆ ಒದ್ದೆ ಮಾಡ್ತಾನೆ, ಓದಲ್ಲ, ಯಾರಾದ್ರೂ ಹತ್ರ ಬಂದ್ರೆ ಹೊಡೀತಾನೆ. ನಾನು ಏನು ಮಾಡಿದೆ? ಭಯದ ಆತ್ಮ ಅಂದೆ. ಕೈ ಇಟ್ಟು ಗಟ್ಟಿಯಾಗಿ ಗದರಿಸಿ ಪ್ರಾರ್ಥನೆ ಮಾಡಿದೆ. ಆ ಹುಡುಗ ನಡುಗ್ತಾ ಇದ್ದ. ಬಿಡುಗಡೆ ಆಯ್ತು ಅಂತ ಹೇಳಿ ಕಳಿಸಿದೆ. ವರ್ಷಗಳ ನಂತರ ಅವನು ದೊಡ್ಡವನಾಗಿ ಬಂದು ಹೇಳಿದ, ಆಗ ಅವನಿಗೆ ಮನೆಯ ಹತ್ತಿರದ ಒಬ್ಬ ವ್ಯಕ್ತಿ ಏನು ಮಾಡ್ತಿದ್ದ ಅಂತ. ಆ ದಿನ ಅವನಿಗೆ ಅನ್ನಿಸಿದ್ದು ಏನು ಗೊತ್ತಾ? ದೆವ್ವ ತನ್ನೊಳಗೇ ಇದೆ, ಅದಕ್ಕೇ ತನಗೆ ಹೀಗೆ ಆಗ್ತಿದೆ ಅಂತ. ನಾನು ಅವನ ಕಾಲು ಹಿಡಿದು ಕ್ಷಮೆ ಕೇಳಿದೆ.

ದುರಾತ್ಮಗಳು ಇಲ್ಲ ಅಂತ ನಾನು ಹೇಳ್ತಿಲ್ಲ. ನನ್ನ ವಿಶ್ವಾಸ ನಿಮಗೆ ಗೊತ್ತು. ಆದ್ರೆ ಮಗು ಇದ್ದಕ್ಕಿದ್ದ ಹಾಗೆ ಬದಲಾದ್ರೆ ಮೊದಲು ಕೂತು ಕೇಳಿ. ಒಣಗಿದ್ದ ಹಾಸಿಗೆ ಮತ್ತೆ ಒದ್ದೆ ಆಗೋದು, ಕೂರೋದಕ್ಕೆ ನಡೆಯೋದಕ್ಕೆ ನೋವು, ಒಬ್ಬ ವ್ಯಕ್ತಿ ಕಂಡರೆ ಮುದುಡೋದು, ವಯಸ್ಸಿಗೆ ಮೀರಿದ ಮಾತು ಆಟ, ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ದುಡ್ಡು ಚಾಕೊಲೇಟು. ಇವೆಲ್ಲಾ ಬೇರೆ ಕಾರಣಕ್ಕೂ ಇರಬಹುದು. ಆದ್ರೂ ಕೇಳಿ. ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಪ್ರಾರ್ಥನೆ ಅದರ ಜೊತೆಯಲ್ಲಿ ಇರಲಿ, ಅದರ ಬದಲಿಗೆ ಅಲ್ಲ.

ಮಗು ಹೇಳಿದ ದಿನ

ಮಗು ಒಂದೇ ಸಲ ಪೂರ್ತಿ ಹೇಳೋದಿಲ್ಲ. "ಆ ಅಂಕಲ್ ಮನೆಗೆ ಹೋಗಲ್ಲ" ಅಷ್ಟೇ ಅನ್ನಬಹುದು. ನಿಮ್ಮ ಮುಖ ನೋಡುತ್ತೆ. ನೀವು ಕಿರುಚಿದ್ರೆ, "ನೀನು ಯಾಕೆ ಹೋದೆ" ಅಂದ್ರೆ, ಅಲ್ಲಿಗೆ ಬಾಗಿಲು ಮುಚ್ಚಿತು. ಒಳಗೆ ಎದೆ ಒಡೆದು ಹೋಗ್ತಿದ್ರೂ ಸಮಾಧಾನವಾಗಿ ಕೂತು, "ನೀನು ಹೇಳಿದ್ದು ಒಳ್ಳೇದಾಯ್ತು, ನಾನು ನಂಬ್ತೀನಿ, ನಿನ್ನ ತಪ್ಪಲ್ಲ" ಅನ್ನಿ. ಹತ್ತು ಸಲ ಕೆದಕಿ ಕೇಳಬೇಡಿ. ಅತ್ತೆಗೆ, ದೊಡ್ಡಮ್ಮನಿಗೆ, ಪಾಸ್ಟರ್‌ಗೆ ಅಂತ ಎಲ್ಲರ ಎದುರಿಗೂ ಮತ್ತೆ ಮತ್ತೆ ಹೇಳಿಸಬೇಡಿ. ಅದು ಹೇಳಿದ ಮಾತನ್ನ ಅದರದೇ ಪದಗಳಲ್ಲಿ ಬರೆದಿಡಿ. ಆಗಷ್ಟೇ ನಡೆದಿದ್ರೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ, ಆಸ್ಪತ್ರೆಗೆ ಹೋಗಿ. ತುರ್ತು ಚಿಕಿತ್ಸೆ ಕೊಡೋದಕ್ಕೆ ಆಸ್ಪತ್ರೆಯವರು ಮೊದಲು ಎಫ್‌ಐಆರ್ ತನ್ನಿ ಅಂತ ಕೇಳುವ ಹಾಗಿಲ್ಲ. ಅಪ್ಪಂದಿರೇ, ಅವನ ಮನೆಗೆ ಹೋಗಿ ಹೊಡೆಯಬೇಡಿ. ಅಬ್ಷಾಲೋಮನ ದಾರಿ ಅದು. ತಾಮಾರಳಿಗೆ ಅದರಿಂದ ಏನೂ ಸಿಗಲಿಲ್ಲ.

ಕಾನೂನು ಏನು ಹೇಳುತ್ತೆ? ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, ಪೋಕ್ಸೊ, 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದೇ ವರ್ಷ ಮೇ ತಿಂಗಳಲ್ಲಿ ಆಮಿರ್ ಖಾನ್ ಟಿವಿಯಲ್ಲಿ ಈ ವಿಷಯ ಮಾತಾಡಿದಾಗ ಚಿಂತಾಮಣಿ ಕಡೆಯವರು ತೆಲುಗಿನಲ್ಲಿ ನೋಡಿರಬಹುದು. ಡಬ್ಬಿಂಗ್ ವಿರೋಧದಿಂದ ಕನ್ನಡದಲ್ಲಿ ಬರಲಿಲ್ಲ. ನಮ್ಮ ಭಾಷೆಯಲ್ಲಿ ಈ ಮಾತು ಮನೆಗೆ ಬರೋದು ಯಾವಾಗಲೂ ತಡವೇ. ಇರಲಿ. ಈ ಕಾಯ್ದೆಯಲ್ಲಿ 18 ವರ್ಷದೊಳಗಿನ ಗಂಡು ಹೆಣ್ಣು ಎಲ್ಲರೂ ಮಕ್ಕಳೇ. ಮಗು ಒಪ್ಪಿತ್ತು ಅನ್ನೋ ಮಾತಿಗೆ ಬೆಲೆ ಇಲ್ಲ. ಕಲಂ 19ರ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ರೆ ಆರು ತಿಂಗಳವರೆಗೆ ಜೈಲು ಆಗಬಹುದು, ಸಂಸ್ಥೆಯ ಮುಖ್ಯಸ್ಥರಾಗಿದ್ರೆ ತಮ್ಮ ಕೈಕೆಳಗಿನವರು ಮಾಡಿದ್ದನ್ನ ಮುಚ್ಚಿಟ್ಟದ್ದಕ್ಕೆ ಒಂದು ವರ್ಷದವರೆಗೆ. ಪಾಸ್ಟರ್‌ಗೆ ವಿನಾಯಿತಿ ಇಲ್ಲ. ಹಾಗಾಗಿ ಯಾರಾದ್ರೂ ನನ್ನ ಹತ್ರ ಬಂದು ಮಗುವಿನ ವಿಷಯ ಹೇಳಿ, ಯಾರಿಗೂ ಹೇಳಬೇಡಿ ಪಾಸ್ಟರ್ ಅಂದ್ರೆ, ಆ ಮಾತು ನಾನು ಕೊಡೋದಿಲ್ಲ. ಈಗಲೇ ಹೇಳ್ತಿದ್ದೀನಿ. ಒಳ್ಳೇ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸ್ ಮಾಡೋ ಹಾಗಿಲ್ಲ ಅಂತಲೂ ಅದೇ ಕಲಂ ಹೇಳುತ್ತೆ.

ಪೊಲೀಸ್ ಸ್ಟೇಷನ್ ಅಂದ್ರೆ ಹೆದರಿಕೆ, ಗೊತ್ತು. ಮಗುವಿನ ಹೇಳಿಕೆಯನ್ನ ಮನೆಯಲ್ಲೇ ಅಥವಾ ಮಗು ಹೇಳಿದ ಜಾಗದಲ್ಲಿ ತಗೋಬೇಕು. ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ರಾತ್ರಿ ಮಗುವನ್ನ ಸ್ಟೇಷನ್‌ನಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ಹೆಣ್ಣು ಮಗುವಿನ ತಪಾಸಣೆ ಮಹಿಳಾ ಡಾಕ್ಟರೇ ಮಾಡಬೇಕು, ಅಮ್ಮ ಅಥವಾ ಮಗು ನಂಬಿರೋ ಒಬ್ಬರು ಪಕ್ಕದಲ್ಲಿರಬೇಕು. ಮನೆಯಲ್ಲಿ ತೆಲುಗೋ ಉರ್ದುವೋ ಮಾತಾಡೋ ಮಗುವಿಗೆ ಅದರ ಭಾಷೆ ಗೊತ್ತಿರೋ ದುಭಾಷಿ ಸಿಗಬೇಕು. 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಇವು ದಯೆಯಿಂದ ಕೊಡೋದಲ್ಲ, ಮಗುವಿನ ಹಕ್ಕು. ಕೇಳಿ ತಗೊಳ್ಳಿ. ಸ್ಟೇಷನ್‌ಗೆ ಹೋಗೋ ಧೈರ್ಯ ಇಲ್ಲದಿದ್ರೆ 1098ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ. ತುರ್ತು ಇದ್ರೆ 112. ಈಗಲೇ ಫೋನ್‌ನಲ್ಲಿ ಸೇವ್ ಮಾಡ್ಕೊಳ್ಳಿ. ಮಕ್ಕಳಿಗೂ 1098 ಬಾಯಿಪಾಠ ಮಾಡಿಸಿ, ಹತ್ತು, ಒಂಬತ್ತು, ಎಂಟು ಅಂತ.

"ಹಿರಿಯರು ಕೂತು ರಾಜಿ ಮಾಡೋಣ" ಅನ್ನೋರು ಬರ್ತಾರೆ. ರಾಜಸ್ಥಾನದ ಒಂದು ಕೇಸ್‌ನಲ್ಲಿ ಶಿಕ್ಷಕನ ಮೇಲೆ ಆರೋಪ ಬಂದಾಗ ಸ್ಟಾಂಪ್ ಪೇಪರ್ ಮೇಲೆ ರಾಜಿ ಬರೆಸಿಕೊಂಡಿದ್ರು, ಹೈಕೋರ್ಟ್ ಕೇಸ್ ರದ್ದು ಮಾಡಿತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ತಿರಸ್ಕರಿಸಿ, ಇಂಥ ಅಪರಾಧ ಇಬ್ಬರ ನಡುವಿನ ಖಾಸಗಿ ಜಗಳ ಅಲ್ಲ ಅಂತ ಕೇಸ್ ಮತ್ತೆ ನಡೆಸೋದಕ್ಕೆ ಹೇಳಿತು. ಇನ್ನು ಕೆಲವರು "ಅವನಿಗೇ ಕೊಟ್ಟು ಮದುವೆ ಮಾಡಿಬಿಡೋಣ" ಅಂತಾರೆ. ಅದು ಒಂದು ಅಪರಾಧದ ಮೇಲೆ ಇನ್ನೊಂದು ಅಪರಾಧ. ಕರ್ನಾಟಕದಲ್ಲಿ ಬಾಲ್ಯವಿವಾಹಕ್ಕೆ ಮದುವೆ ಅನ್ನೋ ಬೆಲೆಯೇ ಇಲ್ಲ.

ವಾಕ್ಯವನ್ನ ಹಿಡಿದು ಬಾಯಿ ಮುಚ್ಚಿಸೋರೂ ಇದ್ದಾರೆ. ಅವರಿಗೆ ವಾಕ್ಯದಿಂದಲೇ ಉತ್ತರ ಕೊಡಬೇಕು. 1 ಕೊರಿಂಥ 6ರಲ್ಲಿ ವಿಶ್ವಾಸಿಗಳು ಕೋರ್ಟಿಗೆ ಹೋಗಬಾರದು ಅಂತ ಇದೆ ಅಂತಾರೆ. ಪೌಲನು ಅಲ್ಲಿ ಮಾತಾಡೋದು ಸಣ್ಣಪುಟ್ಟ ವ್ಯಾಜ್ಯಗಳ ಬಗ್ಗೆ, ನಷ್ಟ ತಾಳಿಕೊಳ್ಳೋ ವಿಷಯಗಳ ಬಗ್ಗೆ. ಮಗುವಿನ ಮೇಲಿನ ಅಪರಾಧ ಸಣ್ಣ ವಿಷಯನಾ? ಅಪರಾಧ ಮಾಡಿದವನಿಗೆ ಶಿಕ್ಷೆ ಕೊಡೋದಕ್ಕೆ ದೇವರೇ ಅಧಿಕಾರಿಗಳನ್ನ ನೇಮಿಸಿದ್ದಾನೆ ಅಂತ ರೋಮಾಪುರ 13ರಲ್ಲಿ ಅದೇ ಪೌಲ ಬರೆದ. ಇನ್ನೊಂದು, ಎರಡು ಮೂರು ಸಾಕ್ಷಿಗಳಿಲ್ಲದೆ ಸೇವಕರ ಮೇಲೆ ದೂರು ಕೇಳಬಾರದು ಅಂತಾರೆ, 1 ತಿಮೊಥೆಯ 5. ಈ ಪಾಪ ಮಾಡೋನು ಸಾಕ್ಷಿ ಇಟ್ಟುಕೊಂಡು ಮಾಡ್ತಾನಾ? ಅಮ್ನೋನ ಮೊದಲು ಎಲ್ಲರನ್ನೂ ಹೊರಗೆ ಕಳಿಸಿದ್ದು ಅದಕ್ಕೇ. ಧರ್ಮೋಪದೇಶಕಾಂಡ 22ನೇ ಅಧ್ಯಾಯ, 25ರಿಂದ 27 ಓದಿ. ಅಡವಿಯಲ್ಲಿ ಒಂಟಿಯಾಗಿ ಸಿಕ್ಕ ಹುಡುಗಿ ಕೂಗಿದ್ರೂ ಬಿಡಿಸೋರು ಇರಲಿಲ್ಲ, ಅವಳಲ್ಲಿ ಅಪರಾಧ ಇಲ್ಲ ಅಂತ ಧರ್ಮಶಾಸ್ತ್ರ ಹೇಳುತ್ತೆ. ಅಲ್ಲಿ ಕಣ್ಣಾರೆ ಕಂಡ ಸಾಕ್ಷಿ ಯಾರೂ ಇಲ್ಲ. ಅವಳನ್ನ ನಂಬು ಅಂತ ಮೋಶೆಯ ಕಾಲದಲ್ಲೇ ದೇವರು ಹೇಳಿದ.

ನಮ್ಮ ಸಭೆಯಲ್ಲಿ

ಬಾಗಿಲ ವಿಷಯಕ್ಕೆ ಬರ್ತೀನಿ. ಯಾಜಕ ಏಲಿಯ ಮಕ್ಕಳು ದೇವದರ್ಶನ ಗುಡಾರದ ಬಾಗಿಲಲ್ಲೇ ಸ್ತ್ರೀಯರ ಜೊತೆ ಪಾಪ ಮಾಡಿದ್ರು. ಏಲಿ ಬಾಯಿಮಾತಿನಲ್ಲಿ ಬುದ್ಧಿ ಹೇಳಿದ, ತಡೆಯಲಿಲ್ಲ. ದೇವರು ಅವನ ಮನೆಗೆ ನ್ಯಾಯತೀರ್ಪು ಕೊಟ್ಟದ್ದು ಅದಕ್ಕೇ. ಪರಿಶುದ್ಧ ಸ್ಥಳ ಅಂದ ಮಾತ್ರಕ್ಕೆ ಸುರಕ್ಷಿತ ಅಲ್ಲ. ಧಾರ್ಮಿಕ ಸಂಸ್ಥೆಯವರು ಮಗುವಿನ ಮೇಲೆ ಅಪರಾಧ ಮಾಡಿದ್ರೆ ಪೋಕ್ಸೊದಲ್ಲಿ ಶಿಕ್ಷೆ ಇನ್ನೂ ಹೆಚ್ಚು, ಸರಿಯಾಗೇ ಇದೆ.

ಈ ತಿಂಗಳಿಂದ ಹೀಗೆ ಮಾಡೋಣ ಅಂತ ಹಿರಿಯರು ಸೇರಿ ತೀರ್ಮಾನಿಸಿದ್ದೇವೆ. ಸಂಡೇ ಸ್ಕೂಲ್‌ನಲ್ಲಿ, ವಿಬಿಎಸ್‌ನಲ್ಲಿ ಒಬ್ಬರೇ ಇರೋ ಹಾಗಿಲ್ಲ, ಯಾವಾಗಲೂ ಇಬ್ಬರು. ಬಾಗಿಲು ತೆಗೆದಿರಬೇಕು. ಇಡೀ ರಾತ್ರಿ ಪ್ರಾರ್ಥನೆಯಲ್ಲಿ ಮಕ್ಕಳು ಹಿಂದಿನ ರೂಮಿನಲ್ಲಿ ಚಾಪೆ ಮೇಲೆ ನಿದ್ದೆ ಹೋಗ್ತಾರೆ, ನಾವು ಮುಂದೆ ಕಣ್ಣು ಮುಚ್ಚಿ ಆರಾಧನೆಯಲ್ಲಿರ್ತೀವಿ. ಆ ರೂಮಿಗೆ ದೀಪ ಇರುತ್ತೆ, ಸರದಿ ಪ್ರಕಾರ ಇಬ್ಬರು ತಾಯಂದಿರು ಎಚ್ಚರ ಇರ್ತಾರೆ. ಮಕ್ಕಳಿಗೆ ಕೈ ಇಟ್ಟು ಪ್ರಾರ್ಥನೆ ಮಾಡೋವಾಗ ತಲೆ ಮೇಲೆ ಮಾತ್ರ, ಎಲ್ಲರ ಎದುರಿಗೆ, ಮಗುವನ್ನ ಕೇಳಿ. ನಾನೂ ಸೇರಿ ಯಾವ ಸೇವಕರೂ ಮಕ್ಕಳನ್ನ ಒಂಟಿಯಾಗಿ ರೂಮಿಗೆ ಕರೆಯೋ ಹಾಗಿಲ್ಲ. ಒಬ್ಬನೇ ಬೈಕ್‌ನಲ್ಲಿ ಮಗುವನ್ನ ಮನೆಗೆ ಬಿಡೋದೂ ಬೇಡ. ಕೆಲವು ಯೌವನಸ್ಥರಿಗೆ ಬೇಜಾರಾಗಿದೆ, "ನಮ್ಮ ಮೇಲೆ ಅನುಮಾನನಾ ಪಾಸ್ಟರ್" ಅಂದ್ರು. ಬ್ರದರ್, ಈ ನಿಯಮ ನಿಮಗೂ ರಕ್ಷಣೆ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಬೇಜಾರಿಗಿಂತ ಒಂದು ಮಗು ದೊಡ್ಡದು. ಚಿಕ್ಕವರಲ್ಲಿ ಒಬ್ಬನಿಗೆ ಅಡ್ಡಿಯಾಗೋನ ಕೊರಳಿಗೆ ಬೀಸುವ ಕಲ್ಲು ಕಟ್ಟೋ ಮಾತು ಹೇಳಿದವನು ನಮ್ಮ ಕರ್ತನೇ, ಮತ್ತಾಯ 18ರಲ್ಲಿ.

ಇಲ್ಲಿ ಕೂತಿರೋರಲ್ಲಿ, ಅಣ್ಣಂದಿರಾಗಲಿ ಅಕ್ಕಂದಿರಾಗಲಿ, ಚಿಕ್ಕ ವಯಸ್ಸಿನಲ್ಲಿ ನಿಮಗೇ ಹೀಗೆ ಆಗಿರಬಹುದು. ಇವತ್ತು ಈ ಪಾಠ ಕೇಳೋದೇ ಕಷ್ಟವಾಗಿರಬಹುದು. ಸಾಮಾನ್ಯವಾಗಿ ನಾನು ಮುಂದೆ ಬನ್ನಿ ಅಂತ ಕರೀತೀನಿ. ಇವತ್ತು ಕರೆಯೋದಿಲ್ಲ. ಯಾರೂ ಕೈ ಎತ್ತಬೇಡಿ, ಸಾಕ್ಷಿ ಹೇಳಬೇಡಿ. ಹಿಂದೆ ಕೂತಿರೋ ಇಬ್ಬರು ಹಿರಿಯ ಸಿಸ್ಟರ್‌ಗಳು, ಅವರ ಪಕ್ಕದಲ್ಲಿ ಒಬ್ಬ ಹಿರಿಯ ಬ್ರದರ್ ಇದ್ದಾರೆ. ಕೂಟ ಮುಗಿದ ಮೇಲೆ ಒಂದು ಗಂಟೆ ಇರ್ತಾರೆ. ಮಾತಾಡಬೇಕು ಅನ್ನಿಸಿದ್ರೆ ಹೋಗಿ. ಇವತ್ತು ಬೇಡ ಅನ್ನಿಸಿದ್ರೆ ಮುಂದಿನ ವಾರವೂ ಇರ್ತಾರೆ.

ಈಗ ಎದ್ದು ನಿಲ್ಲೋಣ. ಗಟ್ಟಿಯಾಗಿ ಪ್ರಾರ್ಥನೆ ಮಾಡೋದು ಬೇಡ, ಪಕ್ಕದಲ್ಲಿ ಮಕ್ಕಳಿದ್ದಾರೆ. ಮೆಲ್ಲಗೆ, ನಮ್ಮ ನಮ್ಮ ಮಕ್ಕಳ ಹೆಸರು ಹೇಳಿ.